ಗೋಧಿ ಹುಲ್ಲಿನ ನೋಟ್‌ಬುಕ್: ಕಪ್ಪು ನೀರಿನ ಲೆಕ್ಕ ಕೊಡುವವರಾರು?

ಶಾಲೆ ಆರಂಭವಾಗುವ ದಿನಗಳಲ್ಲಿ ಎಲ್ಲರ ಮನೆಯಲ್ಲೂ ಕಾಣುವ ದೃಶ್ಯ ಒಂದೇ. ನಡುಮನೆಯ ಚಾಪೆಯ ಮೇಲೆ ಡಜನ್‌ಗಟ್ಟಲೆ ಹೊಸ ನೋಟ್‌ಬುಕ್‌ಗಳು. ಅಪ್ಪ ಬೈಂಡ್ ಹಾಕುತ್ತಾರೆ, ಅಮ್ಮ ಲೇಬಲ್ ಅಂಟಿಸುತ್ತಾರೆ, ಮಕ್ಕಳು ಹೊಸ ಹಾಳೆಯ ವಾಸನೆ ನೋಡುತ್ತಾ ಕೂರುತ್ತಾರೆ. ಆ ಹೊತ್ತಿನಲ್ಲಿ ‘ಈ ಹಾಳೆ ಯಾವುದರಿಂದ ಆದದ್ದು?’ ಎಂದು ಕೇಳಿ ನೋಡಿ. ಹತ್ತರಲ್ಲಿ ಒಂಬತ್ತು ಮಕ್ಕಳು ‘ಮರದಿಂದ’ ಎನ್ನುತ್ತಾರೆ.

ಉತ್ತರ ತಪ್ಪೇನಲ್ಲ, ಆದರೆ ಪೂರ್ಣವೂ ಅಲ್ಲ. ನಮ್ಮ ದೇಶದಲ್ಲಿ ಕಾಗದ ಮರದಿಂದ, ಬಿದಿರಿನಿಂದ, ರದ್ದಿಯಿಂದ, ಕಬ್ಬಿನ ಸಿಪ್ಪೆಯಿಂದ ತಯಾರಾಗುತ್ತದೆ. ಇವುಗಳ ಜೊತೆಗೆ ಗೋಧಿ ಹುಲ್ಲಿನಿಂದಲೂ ತಯಾರಾಗುತ್ತದೆ. ಪಂಜಾಬ್, ಪಶ್ಚಿಮ ಉತ್ತರ ಪ್ರದೇಶ ಮತ್ತು ಉತ್ತರಾಖಂಡದ ಹಲವು ಕಾರ್ಖಾನೆಗಳಿಗೆ ಗೋಧಿ ಹುಲ್ಲೇ ಮುಖ್ಯ ಕಚ್ಚಾ ವಸ್ತು. ಚಪಾತಿ ಕೊಡುವ ಗಿಡವೇ ಅದರ ಲೆಕ್ಕ ಬರೆಯುವ ಹಾಳೆಯನ್ನೂ ಕೊಡುತ್ತದೆ ಎಂದರೆ ಸಂತೋಷದ ಮಾತೇ ಸರಿ. ಆದರೆ ಆ ಹಾಳೆ ಬೆಳ್ಳಗಾಗುವ ಮೊದಲು ಒಂದಿಷ್ಟು ನೀರು ಕಪ್ಪಾಗಿರುತ್ತದೆ. ಆ ನೀರು ಎಲ್ಲಿಗೆ ಹೋಗುತ್ತದೆ ಎನ್ನುವುದು ಪಠ್ಯಪುಸ್ತಕದಲ್ಲಿ ಅಷ್ಟಾಗಿ ಸಿಗದ ಕಥೆ.

ಹುಲ್ಲೆಂದರೆ ಬರೀ ಹುಲ್ಲಲ್ಲ

ಭಾರತದಲ್ಲಿ ಈಗ ವರ್ಷಕ್ಕೆ ಸುಮಾರು 11 ಕೋಟಿ ಟನ್ ಗೋಧಿ ಬೆಳೆಯುತ್ತಾರೆ. ಒಂದು ಕಿಲೊ ಕಾಳಿನ ಜೊತೆಗೆ ಕನಿಷ್ಠ ಒಂದು ಕಿಲೊ ಹುಲ್ಲಾದರೂ ಬರುತ್ತದೆ. 1960ರ ದಶಕದಲ್ಲಿ ನಾರ್ಮನ್ ಬೋರ್ಲಾಗ್ ಅವರ ಗಿಡ್ಡ ತಳಿಗಳು ಬಂದ ಮೇಲೆ ದಂಟಿನ ಎತ್ತರ ಕಡಿಮೆಯಾಯಿತು. ಆದರೆ ಬೆಳೆಯ ಪ್ರಮಾಣವೇ ಏರಿದ್ದರಿಂದ ಹುಲ್ಲಿಗೆ ಕೊರತೆಯಾಗಲಿಲ್ಲ.

ನಮ್ಮಲ್ಲಿ ಬೆಳಗಾವಿ, ಧಾರವಾಡ, ವಿಜಯಪುರ, ಬಾಗಲಕೋಟೆ ಕಡೆ ಗೋಧಿ ಬೆಳೆಯುತ್ತಾರಾದರೂ ಅದರ ಪ್ರಮಾಣ ಸಣ್ಣದು, ಹುಲ್ಲು ದನಕರುಗಳಿಗೇ ಸಾಲದು. ಉತ್ತರ ಭಾರತದಲ್ಲಿಯೂ ಈ ಹುಲ್ಲಿನ ಮೊದಲ ಹಕ್ಕುದಾರರು ದನ ಎಮ್ಮೆಗಳೇ. ಅದನ್ನು ಕತ್ತರಿಸಿ ಪುಡಿ ಮಾಡಿ ‘ಭೂಸಾ’ ಎಂದು ವರ್ಷವಿಡೀ ಕೂಡಿಡುತ್ತಾರೆ. ನಮ್ಮ ಅಂಗಡಿಗಳಲ್ಲಿ ಮೂಟೆಯಲ್ಲಿ ಸಿಗುವ ಗೋಧಿ ಬೂಸಾ ಬೇರೆ. ಅದು ಹಿಟ್ಟಿನ ಗಿರಣಿಯಿಂದ ಬರುವ ಕಾಳಿನ ಸಿಪ್ಪೆ. ಹೆಸರು ಒಂದೇ, ವಸ್ತು ಎರಡು.

ಹುಲ್ಲಿನ ಕಡ್ಡಿಯೊಂದನ್ನು ಕೈಗೆತ್ತಿಕೊಳ್ಳಿ. ಅದರಲ್ಲಿ ಮುಖ್ಯವಾಗಿ ನಾಲ್ಕು ವಸ್ತುಗಳಿವೆ. ಮೊದಲನೆಯದು ಸೆಲ್ಯುಲೋಸ್, ಇದು ಕಾಗದವಾಗುವ ನಾರು. ತೂಕದಲ್ಲಿ ಇದರ ಪಾಲು ನೂರಕ್ಕೆ 35ರಿಂದ 40. ಎರಡನೆಯದು ಹೆಮಿಸೆಲ್ಯುಲೋಸ್, ಅದೂ ಸಕ್ಕರೆಯ ಸರಪಳಿಯೇ. ಅದರ ಪಾಲು 25ರಿಂದ 30. ಮೂರನೆಯದು ಲಿಗ್ನಿನ್, ಸುಮಾರು 15ರಿಂದ 20. ನಾರುಗಳನ್ನು ಒಂದಕ್ಕೊಂದು ಅಂಟಿಸಿ ಗಿಡವನ್ನು ನಿಲ್ಲಿಸುವ ಗಾರೆ ಇದು. ನಾಲ್ಕನೆಯದು ಬೂದಿಯ ಅಂಶ. ಅದರಲ್ಲಿ ಹೆಚ್ಚಿನದು ಸಿಲಿಕಾ, ಅಂದರೆ ಮರಳಿನಲ್ಲಿ, ಗಾಜಿನಲ್ಲಿ ಇರುವ ವಸ್ತುವೇ. ಒಣಹುಲ್ಲು ಬಿಸಿಲಿನಲ್ಲಿ ಹೊಳೆಯುವುದಕ್ಕೆ, ಅವಸರದಲ್ಲಿ ಹಿಡಿದರೆ ಕೈ ಕೊಯ್ಯುವುದಕ್ಕೆ ಈ ಸಿಲಿಕಾವೂ ಒಂದು ಕಾರಣ. ಭತ್ತದ ಹುಲ್ಲಿನಲ್ಲಿ ಇದು ಇನ್ನೂ ಹೆಚ್ಚು.

ಕಾಗದದ ಕಾರ್ಖಾನೆಗೆ ಬೇಕಾದುದು ಮೊದಲನೆಯದು ಮಾತ್ರ. ಉಳಿದವನ್ನು ತೆಗೆಯಬೇಕು. ತೆಗೆದದ್ದನ್ನು ಎಲ್ಲಾದರೂ ಹಾಕಬೇಕು. ಇಡೀ ಸಮಸ್ಯೆ ಇಷ್ಟೇ.

ಇನ್ನೂರು ವರ್ಷದ ಹಿಂದಿನ ಪ್ರಯತ್ನ

ಹುಲ್ಲಿನಿಂದ ಕಾಗದ ಮಾಡುವ ಯೋಚನೆ ಹೊಸದೇನಲ್ಲ. ಯೂರೋಪಿನಲ್ಲಿ ಆಗ ಹಳೆಯ ಬಟ್ಟೆ ಚಿಂದಿಯಿಂದ ಕಾಗದ ಮಾಡುತ್ತಿದ್ದರು. ಓದುವವರು ಹೆಚ್ಚಿದಂತೆ ಚಿಂದಿಗೆ ಬರ ಬಂತು. 1800ರಲ್ಲಿ ಲಂಡನ್ನಿನಲ್ಲಿ ಮಥಾಯಸ್ ಕೂಪ್ಸ್ ಎಂಬಾತ ಹುಲ್ಲಿನಿಂದ ಮಾಡಿದ ಕಾಗದದ ಮೇಲೆ ಒಂದು ಪುಸ್ತಕವನ್ನೇ ಅಚ್ಚು ಹಾಕಿಸಿ ತೋರಿಸಿದ. ದೊಡ್ಡ ಕಾರ್ಖಾನೆಯನ್ನೂ ಕಟ್ಟಿದ. ಆದರೆ ಕೆಲವೇ ವರ್ಷಗಳಲ್ಲಿ ದಿವಾಳಿಯಾದ. 19ನೇ ಶತಮಾನದ ನಡುವಿನಲ್ಲಿ ಕಾಸ್ಟಿಕ್ ಸೋಡಾದಲ್ಲಿ ಬೇಯಿಸುವ ವಿಧಾನ ಬಂದ ನಂತರವೇ ಮರವೂ ಹುಲ್ಲೂ ಕಾಗದಕ್ಕೆ ಸಲೀಸಾಗಿ ಒದಗಿದವು.

ನಮ್ಮ ದೇಶದಲ್ಲಿ ಹುಲ್ಲಿನ ಕಾಗದ ಬೆಳೆದದ್ದಕ್ಕೂ ಶಾಲಾ ಮಕ್ಕಳಿಗೂ ನೇರ ಸಂಬಂಧವಿದೆ. 1970ರ ದಶಕದ ಆರಂಭದಲ್ಲಿ ಕಾಗದಕ್ಕೆ ತೀವ್ರ ಅಭಾವ ಉಂಟಾಯಿತು. ಪಠ್ಯಪುಸ್ತಕಕ್ಕೆ, ನೋಟ್‌ಬುಕ್ಕಿಗೆ ಪರದಾಟ. ದೊಡ್ಡ ಕಾರ್ಖಾನೆ ಕಟ್ಟಲು ವರ್ಷಗಳು ಬೇಕು, ಬಹಳ ಬಂಡವಾಳವೂ ಬೇಕು. ಹಾಗಾಗಿ ಕೃಷಿ ಶೇಷದಿಂದ ಕಾಗದ ಮಾಡುವ ಸಣ್ಣ ಕಾರ್ಖಾನೆಗಳಿಗೆ ಸರ್ಕಾರ ತೆರಿಗೆ ರಿಯಾಯಿತಿ ನೀಡಿತು. ವಿದೇಶದಿಂದ ಹಳೆಯ ಯಂತ್ರ ತರಿಸಲೂ ಅವಕಾಶ ಕೊಟ್ಟಿತು. ಕಾರ್ಖಾನೆಗಳು ಬೇಗ ಬೇಗ ಎದ್ದವು, ಕಾಗದವೂ ಬಂತು. 1988ರ ರಾಷ್ಟ್ರೀಯ ಅರಣ್ಯ ನೀತಿಯು ಕಾಡಿನ ಮರವನ್ನು ನೆಚ್ಚಬೇಡಿ ಎಂದು ಉದ್ಯಮಗಳಿಗೆ ಹೇಳಿದ ಮೇಲೆ ಹುಲ್ಲಿನ ಮಹತ್ವ ಮತ್ತಷ್ಟು ಹೆಚ್ಚಿತು. ಆದರೆ ಅವಸರದಲ್ಲಿ ಕಟ್ಟಿದ ಈ ಕಾರ್ಖಾನೆಗಳಲ್ಲಿ ಒಂದು ಭಾಗ ಮಾತ್ರ ಬಹುತೇಕ ಕಡೆ ಇರಲಿಲ್ಲ. ಅದು ಕಪ್ಪು ನೀರಿನಿಂದ ರಾಸಾಯನಿಕವನ್ನು ಮರಳಿ ಪಡೆಯುವ ಘಟಕ.

ಅಡುಗೆಮನೆಯಲ್ಲೊಂದು ಪ್ರಯೋಗ

ಈ ಕಪ್ಪು ನೀರು ಎಂದರೇನು ಎಂದು ತಿಳಿಯಲು ಕಾರ್ಖಾನೆಗೆ ಹೋಗಬೇಕಿಲ್ಲ. ರಜೆಯಲ್ಲಿ ಮನೆಯಲ್ಲೇ ನೋಡಬಹುದು. ಆದರೆ ತಂದೆ ಅಥವಾ ತಾಯಿ ಪಕ್ಕದಲ್ಲಿ ಇರಲೇಬೇಕು.

ಗೋಧಿ ಹುಲ್ಲು ಸಿಗದಿದ್ದರೆ ರಾಗಿ ಅಥವಾ ಭತ್ತದ ಹುಲ್ಲಾದರೂ ಸರಿ. ಎರಡು ಹಿಡಿಯಷ್ಟನ್ನು ಬೆರಳ ಗೆಣ್ಣಿನುದ್ದಕ್ಕೆ ಕತ್ತರಿಸಿ ತೊಳೆಯಿರಿ. ಹಳೆಯ ಸ್ಟೀಲ್ ಪಾತ್ರೆಯಲ್ಲಿ ಒಂದು ಲೀಟರ್ ನೀರು, ಎರಡು ಚಮಚ ಬಟ್ಟೆ ಒಗೆಯುವ ವಾಷಿಂಗ್ ಸೋಡಾ ಹಾಕಿ ಒಂದೆರಡು ಗಂಟೆ ಸಣ್ಣ ಉರಿಯಲ್ಲಿ ಬೇಯಿಸಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಸೋಡಾ ಅದನ್ನು ತಿನ್ನುತ್ತದೆ. ಕಾಸ್ಟಿಕ್ ಸೋಡಾವನ್ನಂತೂ ಮನೆಯಲ್ಲಿ ಮುಟ್ಟಲೇಬೇಡಿ. ಅದು ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ. ಆರಿದ ನಂತರ ಶೋಧಿಸಿ. ಜಾಲರಿಯಲ್ಲಿ ಮೆತ್ತಗಾದ ಹುಲ್ಲು, ಕೆಳಗೆ ಕಡು ಚಹಾದ ಬಣ್ಣದ ನೀರು. ಆ ನೀರನ್ನು ಗಾಜಿನ ಲೋಟಕ್ಕೆ ಹಾಕಿ ಸ್ವಲ್ಪ ಸ್ವಲ್ಪವಾಗಿ ನಿಂಬೆರಸ ಹಿಂಡಿ. ನೊರೆ ಬರುತ್ತದೆ, ಬಣ್ಣ ತಿಳಿಯಾಗುತ್ತದೆ. ಕ್ಷಾರದಲ್ಲಿ ಲಿಗ್ನಿನ್ ಗಾಢ ಬಣ್ಣದ್ದು. ಆಮ್ಲ ಬಿದ್ದೊಡನೆ ಅದರ ಬಣ್ಣ ಇಳಿಯುತ್ತದೆ. ಕಾರ್ಖಾನೆಯ ಗಟ್ಟಿ ದ್ರಾವಣಕ್ಕೆ ಸಾಕಷ್ಟು ಆಮ್ಲ ಹಾಕಿದರೆ ಲಿಗ್ನಿನ್ ಕಂದು ಪುಡಿಯಾಗಿ ತಳಕ್ಕೆ ಕೂರುತ್ತದೆ.

ಈಗ ಪಾತ್ರೆಯಲ್ಲಿ ಉಳಿದ ನೀರನ್ನು ಎಲ್ಲಿ ಚೆಲ್ಲುತ್ತೀರಿ? ತುಳಸಿ ಕಟ್ಟೆಗೆ? ಬಾವಿಯ ಪಕ್ಕಕ್ಕೆ? ಯಾರೂ ಒಪ್ಪುವುದಿಲ್ಲ. ಒಂದು ಲೀಟರಾದರೆ ಬಕೆಟ್ಟುಗಟ್ಟಲೆ ನೀರು ಬೆರೆಸಿ ಖಾಲಿ ಜಾಗದಲ್ಲಿ ಚೆಲ್ಲಿ ಕೈ ತೊಳೆಯಬಹುದು. ದಿನಕ್ಕೆ ಲಕ್ಷಾಂತರ ಲೀಟರ್ ಹೊರಬಂದರೆ?

ಕಾರ್ಖಾನೆಯೊಳಗೆ

ಕಾರ್ಖಾನೆಯಲ್ಲಿ ನಡೆಯುವುದೂ ಇದೇ, ಆದರೆ ದೊಡ್ಡ ಪ್ರಮಾಣದಲ್ಲಿ. ಹುಲ್ಲನ್ನು ಕೊಡವಿ, ತೊಳೆದು, ಧೂಳು ಮಣ್ಣು ಬೇರ್ಪಡಿಸುತ್ತಾರೆ. ನಂತರ ಕಾಸ್ಟಿಕ್ ಸೋಡಾ ಬೆರೆಸಿ ಡೈಜೆಸ್ಟರ್ ಎಂಬ ಉಕ್ಕಿನ ಪಾತ್ರೆಯಲ್ಲಿ, ಪ್ರೆಷರ್ ಕುಕ್ಕರಿನ ಹಾಗೆ ಹಬೆಯ ಒತ್ತಡದಲ್ಲಿ, ಸುಮಾರು 150ರಿಂದ 165 ಡಿಗ್ರಿ ಸೆಲ್ಷಿಯಸ್ ಶಾಖದಲ್ಲಿ ಬೇಯಿಸುತ್ತಾರೆ. ಲಿಗ್ನಿನ್ ಕರಗಿ ನಾರು ಬಿಡಿಯಾಗುತ್ತದೆ. ನಾರನ್ನು ತೊಳೆದು, ಬಿಳುಪು ಮಾಡಿ, ನೀರಿನಲ್ಲಿ ಕಲಕಿ, ಓಡುವ ಜಾಲರಿಯ ಮೇಲೆ ತೆಳ್ಳಗೆ ಹರಡಿ, ಹಿಂಡಿ ಒಣಗಿಸಿದರೆ ಕಾಗದ.

ಗೋಧಿ ಹುಲ್ಲಿನ ನಾರು ಚಿಕ್ಕದು, ಒಂದರಿಂದ ಒಂದೂವರೆ ಮಿಲಿಮೀಟರ್. ಪೈನ್ ಮರದ ನಾರು ಮೂರು ಮಿಲಿಮೀಟರಿನಷ್ಟು ಇರುತ್ತದೆ. ಆದ್ದರಿಂದ ಹುಲ್ಲಿನ ಕಾಗದ ನುಣುಪಾಗಿ ಬರೆಯಲು ಚೆನ್ನಾಗಿರುತ್ತದೆ. ಆದರೆ ಎಳೆದರೆ ಬೇಗ ಹರಿಯುತ್ತದೆ. ಬಲಕ್ಕಾಗಿ ಸ್ವಲ್ಪ ಉದ್ದ ನಾರು ಸೇರಿಸುವುದುಂಟು.

ಒಂದು ಟನ್ ಬಿಳಿ ತಿರುಳಿಗೆ ಸುಮಾರು ಎರಡೂವರೆ ಟನ್ ಹುಲ್ಲು ಬೇಕು. ಅಂದರೆ ಅರ್ಧಕ್ಕಿಂತ ಹೆಚ್ಚು ಹುಲ್ಲು ಕಾಗದವಾಗದೆ ಹೋಗುತ್ತದೆ. ಅದರ ಬಹುಪಾಲು, ಹಾಕಿದ ಸೋಡಾದ ಜೊತೆಗೆ, ನೀರಿನಲ್ಲಿ ಕರಗಿ ಬರುತ್ತದೆ. ಇದಕ್ಕೆ ಕಾರ್ಖಾನೆಯವರು ‘ಬ್ಲ್ಯಾಕ್ ಲಿಕರ್’ ಎನ್ನುತ್ತಾರೆ. ಲೀಟರಿಗೆ 80ರಿಂದ 100 ಗ್ರಾಂ ಘನ ವಸ್ತು ಇರುವ ದ್ರಾವಣ ಇದು.

ಇದು ನದಿಗೆ ಬಿದ್ದರೆ ಏನಾಗುತ್ತದೆ? ನೀರಿನಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಕರಗಿದ ಸಕ್ಕರೆಯ ಅಂಶಗಳನ್ನು ತಿನ್ನುತ್ತಾ ಅವು ನೀರಿನ ಆಮ್ಲಜನಕವನ್ನು ಬಳಸಿಬಿಡುತ್ತವೆ. ನಮ್ಮ ಹವೆಯಲ್ಲಿ ಒಂದು ಲೀಟರ್ ಶುದ್ಧ ನದಿ ನೀರಿನಲ್ಲಿ ಕರಗಿರುವ ಆಮ್ಲಜನಕ ಏಳೆಂಟು ಮಿಲಿಗ್ರಾಂ ಮಾತ್ರ. ಒಂದು ಲೀಟರ್ ಕಪ್ಪು ದ್ರಾವಣವನ್ನು ಪೂರ್ಣ ಉತ್ಕರ್ಷಿಸಲು ಬೇಕಾಗುವ ಆಮ್ಲಜನಕ ಹತ್ತಾರು ಸಾವಿರ ಮಿಲಿಗ್ರಾಂ. ಲೆಕ್ಕ ನೀವೇ ಹಾಕಿ. ಮೀನುಗಳು ವಿಷದಿಂದ ಸಾಯಬೇಕಾಗಿಲ್ಲ, ಉಸಿರುಗಟ್ಟಿಯೇ ಸಾಯುತ್ತವೆ. ಲಿಗ್ನಿನ್ನನ್ನು ಬ್ಯಾಕ್ಟೀರಿಯಾಗಳು ಸುಲಭವಾಗಿ ಜೀರ್ಣಿಸಿಕೊಳ್ಳಲಾರವು. ಹಾಗಾಗಿ ಕಂದು ಬಣ್ಣ ಮೈಲಿಗಟ್ಟಲೆ ಉಳಿಯುತ್ತದೆ. ಹೊರಬಿಡುವ ನೀರಿನ ಜೈವಿಕ ಆಮ್ಲಜನಕ ಬೇಡಿಕೆ ಲೀಟರಿಗೆ 30 ಮಿಲಿಗ್ರಾಂ ಮೀರಬಾರದು ಎನ್ನುವುದು ನದಿಗೆ ಸೇರುವ ನೀರಿಗೆ ನಮ್ಮ ದೇಶದ ಸಾಮಾನ್ಯ ನಿಯಮ.

ಹ್ವಾಯ್ ನದಿಯ ಪಾಠ

ಈ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಚೀನಾದ ಹ್ವಾಯ್ ನದಿ ಉದಾಹರಣೆ. ಹೆನಾನ್, ಆನ್‌ಹ್ವೇ ಮುಂತಾದ ಗೋಧಿ ಬೆಳೆಯುವ ಪ್ರಾಂತಗಳಲ್ಲಿ ಹರಿಯುವ ನದಿ ಅದು. 1980ರ ದಶಕದಲ್ಲಿ ಅದರ ಕಣಿವೆಯಲ್ಲಿ ಹುಲ್ಲಿನಿಂದ ಕಾಗದ ಮಾಡುವ ಸಣ್ಣ ಕಾರ್ಖಾನೆಗಳು ನಾಯಿಕೊಡೆಗಳಂತೆ ಎದ್ದವು. ಹಳ್ಳಿಗರಿಗೆ ಕೆಲಸ ಸಿಕ್ಕಿತು, ಹುಲ್ಲಿಗೆ ಬೆಲೆ ಬಂತು. ಚರ್ಮ ಹದ ಮಾಡುವ ಮತ್ತಿತರ ಕಾರ್ಖಾನೆಗಳ ಕೊಳೆಯೂ ಸೇರಿ ನದಿ ಕಪ್ಪಾಗುತ್ತ ಹೋಯಿತು. 1994ರ ಜುಲೈಯಲ್ಲಿ ತಡೆಹಿಡಿದಿದ್ದ ಕೊಳೆ ನೀರು ಒಮ್ಮೆಲೇ ಹೊರನುಗ್ಗಿ ಕೆಳಗಿನ ಊರುಗಳಲ್ಲಿ ಕುಡಿಯುವ ನೀರಿಗೆ ಹಾಹಾಕಾರವಾಯಿತು. ಮೀನು ಸತ್ತು ತೇಲಿದವು.

ಮರುವರ್ಷ ಚೀನಾ ಸರ್ಕಾರ ಆ ನದಿಗೆಂದೇ ವಿಶೇಷ ಕಾನೂನು ತಂದಿತು. ವರ್ಷಕ್ಕೆ 5,000 ಟನ್‌ಗಿಂತ ಕಡಿಮೆ ತಿರುಳು ಮಾಡುವ ಘಟಕಗಳೆಲ್ಲ 1996ರ ಜೂನ್ 30ರೊಳಗೆ ಮುಚ್ಚಬೇಕೆಂದು ಆಜ್ಞೆಯಾಯಿತು. ನೂರಾರು ಕಾರ್ಖಾನೆಗಳು ಬಾಗಿಲು ಹಾಕಿದವು, ಕೆಲಸಗಾರರು ಮನೆಗೆ ಹೋದರು. ಆದರೂ ನದಿ ಕೂಡಲೇ ತಿಳಿಯಾಗಲಿಲ್ಲ. ಹಾಳು ಮಾಡಲು ಹತ್ತು ವರ್ಷ ಸಾಕು, ಸರಿಪಡಿಸಲು ಅದಕ್ಕಿಂತ ಹೆಚ್ಚು ಬೇಕು ಎಂಬುದೇ ಅಲ್ಲಿನ ಪಾಠ.

ಕಪ್ಪಿನಿಂದ ಬಿಳಿಗೆ

ಹಾಗಾದರೆ ದಾರಿ ಇಲ್ಲವೇ? ಇದೆ. 1930ರ ದಶಕದಲ್ಲೇ ಮರದ ಕಾಗದದವರು ಕಂಡುಕೊಂಡ ಉಪಾಯ ಅದು: ಕಪ್ಪು ದ್ರಾವಣವನ್ನು ಚೆಲ್ಲಬೇಡಿ, ಉರಿಸಿ. ದ್ರಾವಣದ ನೀರನ್ನು ಹಬೆಯಿಂದ ಆವಿಯಾಗಿಸಿ ಗಟ್ಟಿ ಮಾಡುತ್ತಾರೆ. ಬೆಲ್ಲದ ಪಾಕದಂತಾದಾಗ ವಿಶೇಷ ಬಾಯ್ಲರಿನಲ್ಲಿ ಸಿಂಪಡಿಸಿ ಸುಡುತ್ತಾರೆ. ಲಿಗ್ನಿನ್ ಒಳ್ಳೆಯ ಉರುವಲು. ಅದರಿಂದ ಹಬೆ, ವಿದ್ಯುತ್ ಸಿಗುತ್ತವೆ. ಬುಡದಲ್ಲಿ ಉಳಿಯುವುದು ಸೋಡಿಯಂ ಕಾರ್ಬೊನೇಟ್, ಅಂದರೆ ವಾಷಿಂಗ್ ಸೋಡಾ. ಅದನ್ನು ನೀರಿನಲ್ಲಿ ಕರಗಿಸಿ ಅರಳಿದ ಸುಣ್ಣ ಬೆರೆಸಿದರೆ ಕಾಸ್ಟಿಕ್ ಸೋಡಾ ಮರಳಿ ಬರುತ್ತದೆ; ಸುಣ್ಣದ ಕೆಸರು ಕೆಳಗೆ ಕೂರುತ್ತದೆ. ಅದೇ ಸೋಡಾ ಮತ್ತೆ ಹುಲ್ಲು ಬೇಯಿಸಲು. ನದಿಯೂ ಉಳಿಯಿತು, ಹಣವೂ ಉಳಿಯಿತು.

ಆದರೆ ಹುಲ್ಲಿನವರಿಗೆ ಇದು ಸುಲಭವಾಗಿ ಒಲಿಯಲಿಲ್ಲ. ಇಲ್ಲಿ ಅಡ್ಡ ಬಂದವನೇ ನಮ್ಮ ಸಿಲಿಕಾ. ಸೋಡಾದಲ್ಲಿ ಅದು ಕರಗಿ ದ್ರಾವಣಕ್ಕೆ ಸೇರುತ್ತದೆ. ದ್ರಾವಣ ಅಂಟಂಟಾಗುತ್ತದೆ, ಆವಿಯಾಗಿಸುವ ಕೊಳವೆಗಳ ಒಳಗೆ ಗಾಜಿನಂಥ ಪದರ ಕಟ್ಟುತ್ತದೆ. ಸುಣ್ಣದ ಕೆಸರಿನಲ್ಲೂ ಸೇರಿ, ಅದನ್ನು ಮತ್ತೆ ಸುಟ್ಟು ಸುಣ್ಣ ಮಾಡುವುದನ್ನು ಕಷ್ಟಗೊಳಿಸುತ್ತದೆ. ಜೊತೆಗೆ ಇಂಥ ಘಟಕದ ಖರ್ಚು ಸಣ್ಣ ಕಾರ್ಖಾನೆಗೆ ಭಾರ.

ಇದಕ್ಕೆ ಹಲವು ಮದ್ದುಗಳಿವೆ. ಹುಲ್ಲನ್ನು ಚೆನ್ನಾಗಿ ಕೊಡವಿ ತೊಳೆದರೆ ಮಣ್ಣಿನ ಸಿಲಿಕಾ ಒಳಬರುವುದಿಲ್ಲ. ಚಿಮಣಿಯ ಹೊಗೆಯಲ್ಲಿರುವ ಇಂಗಾಲದ ಡೈ ಆಕ್ಸೈಡನ್ನೇ ದ್ರಾವಣಕ್ಕೆ ಹಾಯಿಸಿ ಕ್ಷಾರತೆಯನ್ನು ಪಿಎಚ್ 10ರ ಸುಮಾರಿಗೆ ಇಳಿಸಿದರೆ ಸಿಲಿಕಾ ಬೇರ್ಪಡುತ್ತದೆ, ಲಿಗ್ನಿನ್ ಬಹುಮಟ್ಟಿಗೆ ಕರಗಿಯೇ ಉಳಿಯುತ್ತದೆ. ಇನ್ನೂ ಸ್ವಲ್ಪ ಇಳಿಸಿದರೆ ಲಿಗ್ನಿನ್ನೂ ಕೂರಲಾರಂಭಿಸುವುದರಿಂದ ಕೈ ಹದ ತಪ್ಪಬಾರದು. ಸಣ್ಣ ಕಾರ್ಖಾನೆಗಳಿಗೆ ಸರಳವಾದ ಫ್ಲೂಯಿಡೈಸ್ಡ್ ಬೆಡ್ ಕುಲುಮೆಗಳೂ ಬಂದಿವೆ. ಅವುಗಳಲ್ಲಿ ಸೋಡಾ ಸಣ್ಣ ಗುಂಡುಗಳಾಗಿ ಸಿಗುತ್ತದೆ.

ತೊಳೆದ ನೀರು, ಬಿಳುಪು ಮಾಡಿದ ನೀರು ಹೇಗೂ ಉಳಿಯುತ್ತದೆ. ಅದನ್ನು ಗಾಳಿಯಿಲ್ಲದ ತೊಟ್ಟಿಯಲ್ಲಿ ಕೊಳೆಯಿಸಿದರೆ ಗೋಬರ್ ಗ್ಯಾಸಿನಲ್ಲಿರುವ ಮೀಥೇನ್ ಸಿಗುತ್ತದೆ. ನಂತರ ಗಾಳಿಯೂದಿದ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾಗಳಿಗೆ ಉಣ್ಣಿಸಿ, ತಿಳಿಯಾಗಿಸಿ ಹೊರಬಿಡಬೇಕು. ಬಿಳುಪಿಗೆ ಕ್ಲೋರಿನ್ ಅನಿಲ ಬಳಸಿದರೆ ಲಿಗ್ನಿನ್ನಿನೊಂದಿಗೆ ಕೂಡಿ ವಿಷಕಾರಿ ಸಂಯುಕ್ತಗಳಾಗುತ್ತವೆ. ಆದ್ದರಿಂದ ಕ್ಲೋರಿನ್ ಡೈ ಆಕ್ಸೈಡ್, ಆಮ್ಲಜನಕ, ಹೈಡ್ರೋಜನ್ ಪೆರಾಕ್ಸೈಡುಗಳತ್ತ ಉದ್ಯಮ ಸಾಗಿದೆ.

ನಮ್ಮಲ್ಲಿ ನಿಜವಾದ ತಿರುವು ಬಂದದ್ದು 2003ರಲ್ಲಿ. ಪರಿಸರ ಸಚಿವಾಲಯ ಮತ್ತು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಉದ್ಯಮಗಳೊಡನೆ ಮಾಡಿಕೊಂಡ ಒಪ್ಪಂದದಲ್ಲಿ ಕೃಷಿ ಶೇಷ ಬಳಸುವ ಸಣ್ಣ ಕಾಗದ ಕಾರ್ಖಾನೆಗಳಿಗೆ ಮೂರು ವರ್ಷದ ಗಡುವು ಸಿಕ್ಕಿತು. ಕಪ್ಪು ದ್ರಾವಣ ಹೊರಹೋಗದಂತೆ ಸೋಡಾ ಮರಳಿ ಪಡೆಯುವ ಘಟಕ ಹಾಕಿ, ಇಲ್ಲವೇ ರದ್ದಿ ಕಾಗದಕ್ಕೆ ಬದಲಾಗಿ ಎಂಬುದು ಅದರ ಸಾರ. ಕೆಲವರು ಘಟಕ ಹಾಕಿದರು, ಹಲವರು ಹುಲ್ಲು ಬಿಟ್ಟು ರದ್ದಿಗೆ ಹೋದರು, ಕೆಲವರು ಮುಚ್ಚಿದರು.

ಕಾಗದವೊಂದೇ ಅಲ್ಲ

ನೀರನ್ನೇ ಕಪ್ಪು ಮಾಡದ ಉಪಯೋಗಗಳೂ ಹುಲ್ಲಿಗೆ ಇವೆ. 1930ರ ದಶಕದಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದ ಒಂದು ವಿಧಾನದಲ್ಲಿ ಹುಲ್ಲನ್ನು ಬಿಸಿಯಲ್ಲಿ ಒತ್ತಿದರೆ ಸಾಕು, ಅಂಟು ಬೇಡ. ಗೋಡೆಗೆ, ಛಾವಣಿಗೆ ಆಗುವ ದಪ್ಪ ಹಲಗೆ ಸಿದ್ಧ. ಪೀಠೋಪಕರಣದ ಪಾರ್ಟಿಕಲ್ ಬೋರ್ಡನ್ನೂ ಮಾಡಬಹುದು. ಆದರೆ ಹುಲ್ಲಿನ ಮೇಲಿನ ಮೇಣದ ಪದರಕ್ಕೆ ಮಾಮೂಲಿ ಅಂಟು ಹಿಡಿಯದ ಕಾರಣ ದುಬಾರಿ ಅಂಟು ಬೇಕಾಗುತ್ತದೆ.

ಹಿಮಾಚಲ ಪ್ರದೇಶದ ಸೋಲನ್ ಸುತ್ತಮುತ್ತ ಗೋಧಿ ಹುಲ್ಲಿಗೆ ಕೋಳಿ ಗೊಬ್ಬರ, ಜಿಪ್ಸಂ ಬೆರೆಸಿ ಕಳಿಸಿ ಅದರ ಮೇಲೆ ಬಟನ್ ಅಣಬೆ ಬೆಳೆಯುತ್ತಾರೆ. ಬೆಳೆ ಮುಗಿದ ಮೇಲೆ ಉಳಿದದ್ದು ಹೊಲಕ್ಕೆ ಗೊಬ್ಬರ. ಬ್ಯಾಕ್ಟೀರಿಯಾಗಳಿಗೆ ಕಷ್ಟವಾದ ಲಿಗ್ನಿನ್ನನ್ನು ಚಿಪ್ಪು ಅಣಬೆಯಂಥ ಶಿಲೀಂಧ್ರಗಳು ಕರಗಿಸಬಲ್ಲವು. ಈ ಕೆಲಸ ಮಾಡುವ ಕಿಣ್ವವನ್ನು ವಿಜ್ಞಾನಿಗಳು 1983ರಲ್ಲಿ ಗುರುತಿಸಿದರು.

ಡೆನ್ಮಾರ್ಕಿನಲ್ಲಿ ಗೋಧಿ ಹುಲ್ಲನ್ನು ಸುಟ್ಟು ವಿದ್ಯುತ್ತನ್ನೂ ಮನೆಗಳಿಗೆ ಶಾಖವನ್ನೂ ಪಡೆಯುತ್ತಾರೆ. ಅಲ್ಲಿನ ರೈತರು ಹುಲ್ಲನ್ನು ಮಳೆಯಲ್ಲಿ ನೆನೆಯಲು ಬಿಟ್ಟರೆ ಸೋಮಾರಿಗಳೆಂದು ತಿಳಿಯಬೇಡಿ. ಮಳೆಗೆ ಪೊಟ್ಯಾಶ್, ಕ್ಲೋರಿನ್ ಅಂಶ ತೊಳೆದುಹೋಗಿ ಬಾಯ್ಲರ್ ತುಕ್ಕು ಹಿಡಿಯುವುದು ಕಡಿಮೆಯಾಗುತ್ತದೆ.

ಹುಲ್ಲಿನ ಸೆಲ್ಯುಲೋಸನ್ನು ಸಕ್ಕರೆಯಾಗಿಸಿ ಎಥನಾಲ್ ಮಾಡುವುದು ಮತ್ತೊಂದು ಕನಸು. 2022ರ ಆಗಸ್ಟಿನಲ್ಲಿ ಹರಿಯಾಣದ ಪಾಣಿಪತ್‌ನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯ ಇಂಥ ಕಾರ್ಖಾನೆ ಉದ್ಘಾಟನೆಯಾಯಿತು. ಅದಕ್ಕೆ ಭತ್ತದ ಹುಲ್ಲು. ಗೋಧಿ ಹುಲ್ಲಿಗಾಗಿಯೇ ರೊಮೇನಿಯಾದ ಪೊಡಾರಿಯಲ್ಲಿ 2021ರಲ್ಲಿ ಕಟ್ಟಿ ಮುಗಿಸಿದ ದೊಡ್ಡ ಕಾರ್ಖಾನೆ 2023ರ ಕೊನೆಗೆ ಮುಚ್ಚುವ ನಿರ್ಧಾರಕ್ಕೆ ಬಂತು. ಪ್ರಯೋಗಶಾಲೆಯಲ್ಲಿ ಆದದ್ದು ಕಾರ್ಖಾನೆಯಲ್ಲಿ ಲಾಭವಾಗಿ ನಿಲ್ಲುವುದು ಅಷ್ಟು ಸುಲಭವಲ್ಲ.

ಇವೆಲ್ಲದರ ಮಧ್ಯೆ ದನದ ಪಾಲನ್ನು ಮರೆಯುವಂತಿಲ್ಲ. 2022ರ ಮಾರ್ಚಿನಲ್ಲಿ ಬಿಸಿಲಿನ ಹೊಡೆತಕ್ಕೆ ಗೋಧಿ ಬೆಳೆ ಸೊರಗಿದಾಗ ಉತ್ತರ ಭಾರತದಲ್ಲಿ ಭೂಸಾ ಬೆಲೆ ಗಗನಕ್ಕೇರಿ ಹಾಲು ಕರೆಯುವವರು ಕಂಗಾಲಾದರು. ಹುಲ್ಲು ‘ತ್ಯಾಜ್ಯ’ ಎನ್ನುವ ಮಾತನ್ನು ಎಮ್ಮೆ ಸಾಕಿದವರ ಮುಂದೆ ಆಡುವಂತಿಲ್ಲ!

ವಿದ್ಯಾರ್ಥಿಗಳಿಗೆ, ಪಾಲಕರಿಗೆ

ಪಿಯುಸಿ ಮುಗಿಸಿ ರಸಾಯನ ವಿಜ್ಞಾನದಲ್ಲಿ ಆಸಕ್ತಿ ಇರುವವರಿಗೆ ಇದೊಂದು ಒಳ್ಳೆಯ ಕ್ಷೇತ್ರ. ಉತ್ತರ ಪ್ರದೇಶದ ಸಹಾರನ್‌ಪುರದಲ್ಲಿ 1964ರಲ್ಲಿ ಸ್ವೀಡನ್ ನೆರವಿನಿಂದ ಆರಂಭವಾದ ಕಾಗದ ತಂತ್ರಜ್ಞಾನ ಸಂಸ್ಥೆ ಈಗ ರೂರ್ಕಿ ಐಐಟಿಯ ವಿಭಾಗ. ಅದೇ ಊರಿನಲ್ಲಿ ಕಾಗದದ ಕೇಂದ್ರ ಸಂಶೋಧನಾ ಸಂಸ್ಥೆಯೂ ಇದೆ. ಸಿಲಿಕಾವನ್ನು ಅಗ್ಗವಾಗಿ ಬೇರ್ಪಡಿಸುವುದು, ಲಿಗ್ನಿನ್ನಿನಿಂದ ಅಂಟು, ಗೊಬ್ಬರ ಮಾಡುವುದು, ಕಡಿಮೆ ನೀರಿನಲ್ಲಿ ಕಾಗದ ತಯಾರಿಸುವುದು: ಮಾಡಬೇಕಾದ ಕೆಲಸ ಇನ್ನೂ ಬಹಳವಿದೆ.

‘ರದ್ದಿಯನ್ನೇ ಮತ್ತೆ ಮತ್ತೆ ಬಳಸಿದರಾಯಿತಲ್ಲ’ ಎಂದು ನೀವು ಕೇಳಬಹುದು. ಒಂದೊಂದು ಸಲ ಮರುಬಳಸಿದಾಗಲೂ ನಾರು ತುಂಡಾಗುತ್ತದೆ; ಐದಾರು ಸಲದ ನಂತರ ಅದು ನಿಲ್ಲುವುದಿಲ್ಲ. ಹೊಸ ನಾರು ಎಲ್ಲಿಂದಲೋ ಬರಲೇಬೇಕು. ಅದು ಕಾಡಿನಿಂದ ಬರುವುದಕ್ಕಿಂತ ಕೊಯ್ದ ಹೊಲದಿಂದ ಬರುವುದು ಲೇಸು. ಆದರೆ ಕಪ್ಪು ನೀರನ್ನು ನದಿಗೆ ಬಿಟ್ಟು ಮಾಡಿದ ಕಾಗದವನ್ನು ‘ಮರ ಕಡಿಯದ ಕಾಗದ’ ಎಂದು ಹೊಗಳಿಕೊಂಡರೆ ಅದು ಅರ್ಧ ಸತ್ಯವಾದೀತು.

ಕಳೆದ ವರ್ಷದ ನೋಟ್‌ಬುಕ್‌ಗಳನ್ನು ರದ್ದಿಗೆ ಹಾಕುವ ಮುನ್ನ ಒಮ್ಮೆ ತಿರುವಿ ಹಾಕಿ. ಕೊನೆಯಲ್ಲಿ ಹತ್ತಿಪ್ಪತ್ತು ಖಾಲಿ ಹಾಳೆಗಳು ಇದ್ದೇ ಇರುತ್ತವೆ. ಅವನ್ನು ಬಿಡಿಸಿ ದಾರ ಹಾಕಿ ಹೊಲಿದರೆ ಒಂದು ರಫ್ ಪುಸ್ತಕವಾಗುತ್ತದೆ. ನಮ್ಮ ತಂದೆ ತಾಯಂದಿರು ಬಡತನಕ್ಕಾಗಿ ಮಾಡುತ್ತಿದ್ದ ಕೆಲಸ ಅದು. ಒಂದೊಂದು ಹಾಳೆಯ ಹಿಂದೆಯೂ ಒಂದಿಷ್ಟು ಹುಲ್ಲು, ಒಂದಿಷ್ಟು ನೀರು ಇದೆ ಎಂದು ತಿಳಿದ ಮೇಲೆ, ನಾವು ತಿಳಿವಳಿಕೆಗಾಗಿ ಅದನ್ನೇ ಮಾಡಬಹುದಲ್ಲವೇ?